ಫೋಟೊದಲ್ಲಿ ಬಾತ್‌ರೂಮ್ ಯಾವಾಗಲೂ ಒಣಗಿರುತ್ತದೆ

ಈ ಸಲದ ಓದುಗರ ಪ್ರಶ್ನೆಗಳಲ್ಲಿ ಬರೀ ಬಾತ್‌ರೂಮಿನದೇ ಮಾತು. ಹಾಲ್ ಬಗ್ಗೆ, ಅಡುಗೆಮನೆ ಬಗ್ಗೆ ಕೇಳುವವರೆಲ್ಲ ಎಲ್ಲಿ ಹೋದರೋ! ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಸ್ಟೈಲ್ ಆರಿಸಲಿ’ ಎಂದೇ ಕೇಳಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದದವನ್ನು ಕತ್ತರಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಬಾತ್‌ರೂಮಿಗೆ ಅಂತ ಫೋನಿನಲ್ಲಿ ರಾಶಿ ಫೋಟೊ ಸೇವ್ ಮಾಡಿಟ್ಟಿದ್ದೇನೆ. ನಮ್ಮ ಯಜಮಾನರಿಗೆ ಏನೂ ಕಾಣದ ಮಿನಿಮಲ್ ಸ್ಟೈಲ್ ಬೇಕು. ನನಗೆ ಹಳೇ ಕಾಲದ ಚಿತ್ತಾರದ ಟೈಲ್ಸ್ ಇಷ್ಟ. ಮಗಳು ಸಿಮೆಂಟ್ ಗೋಡೆಯ ಇಂಡಸ್ಟ್ರಿಯಲ್ ಲುಕ್ ಅಂತ ಹಟ ಹಿಡಿದಿದ್ದಾಳೆ. ಶೋರೂಮಿಗೆ ಹೋದರೆ ತಲೆ ಇನ್ನೂ ಕೆಡುತ್ತದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ಫೋಟೊಗಳನ್ನು ಇನ್ನೊಂದು ಸಲ ನಿಧಾನವಾಗಿ ನೋಡಿ. ಒಂದರಲ್ಲೂ ನೆಲ ಒದ್ದೆಯಾಗಿಲ್ಲ. ಬಕೆಟ್ ಇಲ್ಲ, ಅರ್ಧ ಖಾಲಿಯಾದ ಶಾಂಪೂ ಬಾಟಲಿ ಇಲ್ಲ, ಬಾಗಿಲ ಹಿಂದೆ ನೇತಾಡುವ ಟವೆಲ್ ಇಲ್ಲ, ಕಮೋಡ್ ತೊಳೆಯುವ ಬ್ರಷ್ ಅಂತೂ ಇಲ್ಲವೇ ಇಲ್ಲ. ಎಷ್ಟೋ ಸಲ ನಮಗೆ ಇಷ್ಟವಾಗಿರುವುದು ಟೈಲ್ಸೂ ಅಲ್ಲ, ನಲ್ಲಿಯೂ ಅಲ್ಲ, ಆ ಖಾಲಿ ಜಾಗ. ಅದೇ ಟೈಲ್ಸ್ ತಂದು ಹಾಕಿಸಿ ಮೇಲೆ ಹದಿನಾರು ಡಬ್ಬಿ ಇಟ್ಟರೆ ‘ಫೋಟೊದಲ್ಲಿದ್ದ ಹಾಗೆ ಬರಲೇ ಇಲ್ಲ’ ಅಂತ ಬೇಜಾರಾಗುತ್ತದೆ. ಅದಕ್ಕೇ ಮೊದಲು ಸಾಮಾನಿನ ಪಟ್ಟಿ ಮಾಡಿ. ಸೋಪು, ಶಾಂಪೂ, ರೇಜರ್, ಹೇರ್ ಡ್ರೈಯರ್, ತೊಳೆಯುವ ಲಿಕ್ವಿಡ್, ಒಗೆಯುವ ಬಟ್ಟೆ, ಎಲ್ಲವೂ ಎಲ್ಲಿ ಕೂರಬೇಕು ಅಂತ ಗೊತ್ತಾದ ಮೇಲೆ ಸ್ಟೈಲ್ ಮಾತು.

ಆಮೇಲೆ ನೆಲ. ಗೋಡೆಯಿಂದ ಶುರು ಮಾಡುವುದು ಎಲ್ಲರ ಅಭ್ಯಾಸ, ಶೋರೂಮಿನವರೂ ಗೋಡೆಯ ಟೈಲ್ಸನ್ನೇ ಮೊದಲು ತೋರಿಸುತ್ತಾರೆ, ಯಾಕೆಂದರೆ ಕಣ್ಣಿಗೆ ಬೀಳುವುದು ಅದೇ. ಆದರೆ ನೆಲದಲ್ಲಿ ನಿಮಗೆ ಆಯ್ಕೆ ಕಡಿಮೆ: ಜಾರಬಾರದು, ಕೊಳೆ ಹಿಡಿಯಬಾರದು, ನೀರು ನಿಲ್ಲಬಾರದು. ಈ ಮೂರನ್ನೂ ದಾಟಿ ಬಂದ ಟೈಲ್ಸ್ ಬೆರಳೆಣಿಕೆಯಷ್ಟೇ ಇರುತ್ತವೆ. ಅದರಲ್ಲಿ ಒಂದನ್ನು ಆರಿಸಿದರೆ ಗೋಡೆಯ ಬಣ್ಣ ಅರ್ಧ ತೀರ್ಮಾನವಾದ ಹಾಗೇ.

ಇನ್ನು ಮನೆಯವರ ಜಗಳ. ಪ್ರತಿ ಸ್ಟೈಲೂ ಏನೋ ಒಂದನ್ನು ಕೇಳುತ್ತದೆ, ಅದನ್ನು ಕೊಡಲು ಯಾರು ತಯಾರಿದ್ದಾರೆ ನೋಡಿ. ಮಿನಿಮಲ್ ಅಂದರೆ ಕೆಲಸ ಕಡಿಮೆ ಅಂದುಕೊಳ್ಳುತ್ತಾರೆ, ಆದರೆ ಅಲ್ಲಿ ಮುಚ್ಚಿಹಾಕಲು ಬಾರ್ಡರ್ ಇಲ್ಲ, ಡಿಸೈನ್ ಇಲ್ಲ. ಟೈಲ್ಸಿನ ಗೆರೆ ಒಂದು ಚೂರು ಸೊಟ್ಟಗಾದರೂ ಎದ್ದು ಕಾಣುತ್ತದೆ, ಹಾಗಾಗಿ ಒಳ್ಳೆಯ ಕೈಗಾರ ಬೇಕು, ಸಾಮಾನೆಲ್ಲ ಕಪಾಟಿನೊಳಗೇ ಇರಬೇಕು. ಹಳೇ ಕಾಲದ ಸ್ಟೈಲಿನಲ್ಲಿ ನಲ್ಲಿಗೆ, ಕನ್ನಡಿ ಚೌಕಟ್ಟಿಗೆ ಕೆತ್ತನೆ ಇರುತ್ತದೆ, ಆ ಸಂದಿಗಳಲ್ಲಿ ಸೋಪಿನ ಜಿಡ್ಡು ಕೂರುತ್ತದೆ, ಹಳೇ ಟೂತ್‌ಬ್ರಷ್ ಹಿಡಿದು ತಿಕ್ಕುವವರು ಬೇಕು. ಇಂಡಸ್ಟ್ರಿಯಲ್ ಸ್ಟೈಲಿನಲ್ಲಿ ಪೈಪು ಹೊರಗೇ ಕಾಣುತ್ತದೆ, ಅಂದರೆ ಪ್ಲಂಬರ್ ಕೆಲಸವೇ ಅಲಂಕಾರ. ನಿಮ್ಮ ಪ್ಲಂಬರ್ ಕೆಲಸ ಹಾಗೆ ನೋಡುವಂತಿರುತ್ತದಾ? ನೀವೇ ಹೇಳಿ.

ನನ್ನ ಕೈಗೆ ಕೊಟ್ಟಿದ್ದರೆ ಹೀಗೆ ಮಾಡುತ್ತಿದ್ದೆ. ನೆಲಕ್ಕೆ ನಿಮ್ಮ ಚಿತ್ತಾರದ ಟೈಲ್ಸ್, ಆದರೆ ಮ್ಯಾಟ್ ಫಿನಿಶಿನದು. ಮೂರು ಗೋಡೆ ಯಜಮಾನರ ಇಷ್ಟದಂತೆ ಒಂದೇ ಬಣ್ಣ, ಡಿಸೈನ್ ಇಲ್ಲ. ಶವರ್ ಹಿಂದಿನ ಒಂದು ಗೋಡೆಗೆ ಸಿಮೆಂಟಿನಂತೆ ಕಾಣುವ ವಿಟ್ರಿಫೈಡ್ ಟೈಲ್ಸ್, ಅದು ಮಗಳದು. ನೆಲಕ್ಕೂ ಚಿತ್ತಾರ, ಗೋಡೆಗೂ ಚಿತ್ತಾರ ಹಾಕಿದರೆ ಮನೆಯವರೆಲ್ಲ ಒಟ್ಟಿಗೇ ಮಾತಾಡಿದ ಹಾಗಿರುತ್ತದೆ, ಒಂದೂ ಕೇಳಿಸುವುದಿಲ್ಲ. ಒಡೆಯದೆ ಬದಲಿಸಲಾಗದ ವಸ್ತುಗಳನ್ನು, ಅಂದರೆ ಕಮೋಡ್, ಬೇಸಿನ್, ಗೋಡೆ ಟೈಲ್ಸ್, ಆದಷ್ಟು ಸಪ್ಪೆಯಾಗಿಯೇ ಇಡಿ. ಹುಚ್ಚು ಬಣ್ಣದ ಆಸೆಯನ್ನು ಕನ್ನಡಿ, ಟವೆಲ್, ಪರದೆ, ಬಾಗಿಲ ಪೇಂಟಿನಲ್ಲಿ ತೀರಿಸಿಕೊಳ್ಳಿ. ಮಗಳಿಗೆ ಎರಡು ವರ್ಷದಲ್ಲಿ ಬೇರೇನೋ ಇಷ್ಟವಾಗುತ್ತದೆ, ನೋಡ್ತಾ ಇರಿ.

ಪ್ರಶ್ನೆ: ನಮ್ಮದು 5 ಅಡಿ ಅಗಲ, 7 ಅಡಿ ಉದ್ದದ ಚಿಕ್ಕ ಬಾತ್‌ರೂಮ್. ದೊಡ್ಡದಾಗಿ ಕಾಣಲು ಪೂರ್ತಿ ಬಿಳಿ ಮಾಡಿಸಿ, ದೊಡ್ಡ ಟೈಲ್ಸ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಹೌದಾ?

ಉತ್ತರ: ಗೋಡೆಗಾದರೆ ಹೌದು, ನೆಲಕ್ಕಾದರೆ ಯೋಚಿಸಿ. ದೊಡ್ಡ ಟೈಲ್ಸಿಗೆ ಸಂದಿ ಕಡಿಮೆ, ಕಣ್ಣು ಅಲ್ಲಲ್ಲಿ ತಡೆಯುವುದಿಲ್ಲ, ಗೋಡೆ ಅಗಲವಾಗಿ ಕಾಣುತ್ತದೆ. ಸೂರಿನವರೆಗೂ ಟೈಲ್ಸ್ ಏರಿಸಿದರೆ ಇನ್ನೂ ಚೆನ್ನ. ಅರ್ಧಕ್ಕೆ ನಿಲ್ಲಿಸಿ ಬಾರ್ಡರ್ ಕೊಟ್ಟರೆ ಕೋಣೆ ಗಿಡ್ಡವಾಗುತ್ತದೆ.

ನೆಲದ ವಿಷಯವೇ ಬೇರೆ. ಅಲ್ಲಿ ವಾಟ ಕೊಡಬೇಕು. ಒಂದು ಮೀಟರ್ ಉದ್ದಕ್ಕೆ 10ರಿಂದ 20 ಮಿಲಿಮೀಟರ್ ಇಳಿಜಾರು ಇದ್ದರೆ ನೀರು ತಾನಾಗಿ ಜಾಲರಿ ಕಡೆ ಓಡುತ್ತದೆ. ಜಾಲರಿ ನಡುವೆ ಇದ್ದರೆ ನೆಲ ನಾಲ್ಕೂ ಕಡೆಯಿಂದ ಅದರತ್ತ ಇಳಿಯಬೇಕು, ಆದರೆ 60 ಸೆಂಟಿಮೀಟರ್ ಚೌಕದ ಟೈಲ್ಸ್ ಬಾಗುವ ವಸ್ತು ಅಲ್ವಲ್ಲ! ಮೇಸ್ತ್ರಿ ಅದನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಬೇಕಾಗುತ್ತದೆ. ಇಲ್ಲದಿದ್ದರೆ ವಾಟವನ್ನೇ ಬಿಟ್ಟು ನೆಲ ಮಟ್ಟ ಮಾಡಿಬಿಡುತ್ತಾನೆ. ಎರಡನೆಯದು ಗೊತ್ತಾಗುವುದು ನೀವು ಸ್ನಾನ ಮಾಡಿದ ಮೇಲೆ, ಕಮೋಡ್ ಬುಡದಲ್ಲಿ ನೀರು ನಿಂತಾಗ. ದೊಡ್ಡ ಟೈಲ್ಸೇ ಬೇಕೆಂದರೆ ನಡುವಿನ ಜಾಲರಿ ಬಿಟ್ಟು, ಒಂದು ಗೋಡೆಯ ಉದ್ದಕ್ಕೂ ಬರುವ ಪಟ್ಟಿಯಂಥ ಜಾಲರಿ ಹಾಕಿಸಿ. ಆಗ ನೆಲ ಒಂದೇ ಕಡೆ ಇಳಿದರೆ ಸಾಕು, ಟೈಲ್ಸ್ ಪೂರ್ತಿ ಉಳಿಯುತ್ತದೆ. ಇಲ್ಲವಾದರೆ ಶವರ್ ಜಾಗಕ್ಕೆ ಅಂಗೈಗಿಂತ ಚಿಕ್ಕ ಮೊಸಾಯಿಕ್ ಟೈಲ್ಸ್ ಒಳ್ಳೆಯದು. ಅದು ಯಾವ ಇಳಿಜಾರಿಗೂ ಹೊಂದುತ್ತದೆ, ಸಂದಿ ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತವೂ ಸಿಗುತ್ತದೆ. ಆ ಸಂದಿಗಳಿಗೆ ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಸಂದಿ ತುಂಬುವ ಪೇಸ್ಟ್, ತುಂಬಿಸಿ. ಸಿಮೆಂಟ್ ಗ್ರೌಟ್ ನೀರು ಹೀರಿ ಕಪ್ಪಾಗುತ್ತದೆ, ಎಪಾಕ್ಸಿ ಹೀರುವುದಿಲ್ಲ. ಆದರೆ ಅದು ಬೇಗ ಗಟ್ಟಿಯಾಗುತ್ತದೆ, ಟೈಲ್ಸ್ ಮೇಲೆ ಬಿದ್ದದ್ದನ್ನು ಆಗಲೇ ಒರೆಸದಿದ್ದರೆ ಮಬ್ಬು ಪದರ ಹಾಗೇ ಉಳಿಯುತ್ತದೆ. ಹಾಕಿ ಅಭ್ಯಾಸ ಇರುವವರಿಗೇ ಕೊಡಿ.

ಅಂದಹಾಗೆ ಟೈಲ್ಸೂ ಗ್ರೌಟೂ ಸೇರಿ ನೀರು ತಡೆಯುತ್ತವೆ ಅಂತ ನಂಬಬೇಡಿ. ಅದು ಕೆಳಗಿನ ವಾಟರ್‌ಪ್ರೂಫಿಂಗ್ ಪದರದ ಕೆಲಸ. ಹಣ ಉಳಿಸಬೇಕಾದರೆ ಕನ್ನಡಿಯಲ್ಲಿ ಉಳಿಸಿ, ಅಲ್ಲಿ ಬೇಡ.

ಬಿಳಿಯೇ ಆಗಬೇಕೆಂದೇನಿಲ್ಲ. ನೆಲ, ಗೋಡೆ ಎರಡೂ ಒಂದೇ ಬಣ್ಣದ ಮನೆತನಕ್ಕೆ ಸೇರಿದರೆ ಮರಳಿನ ಬಣ್ಣವಾಗಲಿ, ತಿಳಿ ಹಸಿರಾಗಲಿ, ಜಾಗ ದೊಡ್ಡದಾಗಿಯೇ ಕಾಣುತ್ತದೆ. ಕಮೋಡ್, ಬೇಸಿನ್ ಎರಡೂ ಗೋಡೆಗೆ ತೂಗುವಂಥವಾದರೆ ಕೆಳಗೆ ನೆಲ ಗೋಡೆಯವರೆಗೂ ಕಾಣುತ್ತದೆ. ಟೈಲ್ಸಿಗಿಂತ ಇದರಿಂದ ಜಾಸ್ತಿ ವ್ಯತ್ಯಾಸವಾಗುತ್ತದೆ. ಒರೆಸುವುದೂ ಸುಲಭ.

ಪ್ರಶ್ನೆ: ಪೂರ್ತಿ ಕಪ್ಪು ಬಾತ್‌ರೂಮ್ ಮಾಡಿಸಬೇಕೆಂದಿದ್ದೇನೆ. ಕಪ್ಪು ಟೈಲ್ಸ್, ಕಪ್ಪು ನಲ್ಲಿ, ಕಪ್ಪು ಬೇಸಿನ್. ಕಪ್ಪು ಕೊಳೆ ತೋರಿಸುವುದಿಲ್ಲ ಅಲ್ವಾ?

ಉತ್ತರ: ಬಾತ್‌ರೂಮಿನ ಕೊಳೆ ಕಪ್ಪಗಿರುವುದಿಲ್ಲ ಸ್ವಾಮಿ, ಬೆಳ್ಳಗಿರುತ್ತದೆ. ಸೋಪಿನ ಪದರ ಬಿಳಿ, ಪೇಸ್ಟ್ ಸಿಡಿದದ್ದು ಬಿಳಿ, ಪೌಡರ್ ಬಿಳಿ, ಗಡಸು ನೀರು ಆರಿದ ಮೇಲೆ ಉಳಿಯುವ ಸುಣ್ಣದ ಕಲೆಯೂ ಬಿಳಿ. ಕಪ್ಪು ಅವೆಲ್ಲವನ್ನೂ ಎತ್ತಿ ತೋರಿಸುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡಿ. ಶೋರೂಮಿನಿಂದ ಒಂದೇ ಒಂದು ಸ್ಯಾಂಪಲ್ ಟೈಲ್ಸ್ ಕೇಳಿ ತನ್ನಿ. ಈಗಿರುವ ಬಾತ್‌ರೂಮಿನಲ್ಲಿ ನೀರು ಬೀಳುವ ಕಡೆ ಗೋಡೆಗೆ ಒರಗಿಸಿಡಿ. ಸುಮ್ನೆ ಹಾಗೇ ಬಿಡಿ, ಒರೆಸಬೇಡಿ. ಮನೆಯವರೆಲ್ಲ ಸ್ನಾನ ಮಾಡಲಿ, ನೀರು, ನೊರೆ ಎಲ್ಲ ಸಿಡಿಯಲಿ. ವಾರ ಕಳೆದ ಮೇಲೆ ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಒಂದೊಂದು ಹನಿಯೂ ಆರಿ, ಅಂಚಿನಲ್ಲಿ ಬಿಳಿ ಉಂಗುರ ಬಿಟ್ಟಿರುತ್ತದೆ. ಮೇಲಿಂದ ಇಳಿದ ನೀರು ಗೀಟು ಗೀಟಾಗಿ ಕಾಣುತ್ತದೆ. ಬೆರಳಿಂದ ಉಜ್ಜಿದರೆ ಹೋಗುತ್ತದಾ, ಬಟ್ಟೆ ಬೇಕಾ, ತಿಕ್ಕಲೇಬೇಕಾ ಅಂತ ನೋಡಿ. ಪೂರ್ತಿ ಬಾತ್‌ರೂಮಿಗೆ ಆ ಕೆಲಸ ಮಾಡುವವರು ಯಾರು ಅಂತ ಮನೆಯಲ್ಲಿ ಮಾತಾಡಿಕೊಳ್ಳಿ. ನಿಮ್ಮ ನೀರು ಮೆದುವಾಗಿದ್ದು, ಸ್ನಾನವಾದ ಮೇಲೆ ರಬ್ಬರ್ ವೈಪರಿನಿಂದ ಗೋಡೆ ಎಳೆಯುವ ಅಭ್ಯಾಸ ಇದ್ದರೆ ಧಾರಾಳವಾಗಿ ಕಪ್ಪು ಮಾಡಿಸಿ, ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಅಷ್ಟಿಲ್ಲದಿದ್ದರೆ ನೀರು ಬೀಳದ ಗೋಡೆಗೆ ಮಾತ್ರ ಕಪ್ಪು ಹಾಕಿಸಿ, ಉಳಿದದ್ದಕ್ಕೆ ನಡುವಿನ ಬಣ್ಣ.

ಕೊಳೆ ಮುಚ್ಚುವುದರಲ್ಲಿ ಚುಕ್ಕೆ ಚುಕ್ಕೆಯ ಟೆರಾಜೊ ಡಿಸೈನಿಗೆ ಸಮ ಯಾವುದೂ ಇಲ್ಲ. ಉದುರಿದ ಕೂದಲೂ ಅದರಲ್ಲಿ ಕಳೆದುಹೋಗುತ್ತದೆ. ಒಳ್ಳೆಯದೋ ಕೆಟ್ಟದ್ದೋ ನಿಮಗೇ ಬಿಟ್ಟದ್ದು.

ಕಪ್ಪು ನಲ್ಲಿ ಕೊಳ್ಳುವಾಗ ಬಣ್ಣ ಬಳಿದದ್ದಾ, ಪಿವಿಡಿ ಲೇಪನವಾ (ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಆವಿಯಾಗಿ ಕೂರಿಸಿದ ತೆಳು ಪದರ) ಅಂತ ಕೇಳಿ. ಪಿವಿಡಿ ಗಟ್ಟಿ, ಸುಲಭಕ್ಕೆ ಗೀರು ಬೀಳುವುದಿಲ್ಲ. ಬಣ್ಣದ್ದು ಕೈ ತಾಗುವ ಕಡೆ ಸವೆದು ಒಳಗಿನ ಲೋಹ ಕಾಣಲು ಶುರುವಾಗುತ್ತದೆ.

ಪ್ರಶ್ನೆ: ನಿಜವಾದ ಮಾರ್ಬಲ್ಲೇ ಹಾಕಿಸಬೇಕೆಂಬ ಆಸೆ. ಬೇಡ ಅನ್ನುತ್ತಾರೆ. ಯಾಕೆ?

ಉತ್ತರ: ಮಾರ್ಬಲ್ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ತಾಗಿದರೆ ಕರಗುತ್ತದೆ. ಕಮೋಡ್ ತೊಳೆಯುವ ಲಿಕ್ವಿಡ್ ಎಷ್ಟೋ ಆಸಿಡ್‌ನವೇ. ಒಂದು ಹನಿ ಬಿದ್ದ ಕಡೆ ಹೊಳಪು ಹೋಗಿ ಮಬ್ಬು ಗುರುತು ಉಳಿಯುತ್ತದೆ. ಅದು ಕಲೆ ಅಲ್ಲ, ಕಲ್ಲೇ ಸವೆದಿರುವುದು, ಎಷ್ಟು ತಿಕ್ಕಿದರೂ ಹೋಗದು, ಮತ್ತೆ ಪಾಲಿಶ್ ಹಿಡಿಸಬೇಕು. ಬೇಸಿನ್ ಹಿಂದಿನ ಗೋಡೆಗೆ ಹಾಕಿಸಿ ಆಸೆ ತೀರಿಸಿಕೊಳ್ಳಿ, ನೆಲಕ್ಕೆ ಬೇಡ.

ಮಾರ್ಬಲ್‌ನಂತೆ ಕಾಣುವ ವಿಟ್ರಿಫೈಡ್ ಟೈಲ್ಸ್ ಈಗ ಚೆನ್ನಾಗಿ ಬರುತ್ತವೆ. ಅದು ತನ್ನ ತೂಕದ 0.5 ಶೇಕಡಾಕ್ಕಿಂತ ಜಾಸ್ತಿ ನೀರು ಹೀರುವುದಿಲ್ಲ. ಒಂದನ್ನು ಮಾತ್ರ ಕೇಳಿ: ಒಂದು ಡಿಸೈನಿನಲ್ಲಿ ಎಷ್ಟು ಬೇರೆ ಬೇರೆ ಪ್ರಿಂಟ್ ಇವೆ? ಎರಡೇ ಇದ್ದರೆ ಅದೇ ಗೆರೆ, ಅದೇ ತಿರುವು ಗೋಡೆ ತುಂಬ ಮತ್ತೆ ಮತ್ತೆ ಬಂದು ನಕಲಿ ಅಂತ ಗೊತ್ತಾಗುತ್ತದೆ. ಜಾಸ್ತಿ ಇದ್ದರೆ, ಅಂಟಿಸುವ ಮೊದಲು ನೆಲದ ಮೇಲೆ ಹರಡಿ, ಒಂದೇ ಥರದ್ದು ಅಕ್ಕಪಕ್ಕ ಬಾರದಂತೆ ಜೋಡಿಸಿ ನೋಡಿ.

ಪ್ರಶ್ನೆ: ಮಾವನಿಗೆ ವಯಸ್ಸಾಗಿದೆ. ಹಿಡಿದುಕೊಳ್ಳಲು ಸರಳು ಹಾಕಿಸೋಣ ಅಂದರೆ ‘ಆಸ್ಪತ್ರೆ ಥರ ಕಾಣುತ್ತದೆ’ ಅಂತ ಅವರೇ ಬೇಡ ಅನ್ನುತ್ತಾರೆ. ಚೆಂದವೂ ಇರಬೇಕು, ಅವರು ಬೀಳಲೂಬಾರದು.

ಉತ್ತರ: ಆಸ್ಪತ್ರೆ ಥರ ಕಾಣುವುದು ಬಿಳಿ ಗೋಡೆಯ ಮೇಲೆ ಒಂಟಿ ಸ್ಟೀಲ್ ಸರಳು ಇದ್ದಾಗ. ನಲ್ಲಿ, ಶವರ್, ಟವೆಲ್ ಕಡ್ಡಿ ಯಾವ ಬಣ್ಣವೋ ಸರಳೂ ಅದೇ ಬಣ್ಣದ್ದಾದರೆ ಅದೊಂದು ಸೆಟ್ ಅನ್ನಿಸುತ್ತದೆ. ಸೋಪಿನ ತಟ್ಟೆ ಜೊತೆಗೇ ಬರುವ ಸರಳುಗಳಿವೆ, ಟಿಶ್ಯೂ ಹೋಲ್ಡರ್ ಜೊತೆ ಬರುವುದೂ ಇವೆ. ಮಾವನವರಿಗೆ ‘ಇದು ಸೋಪು ಇಡಲು’ ಅಂತ ಹೇಳಿಬಿಡಿ.

ಟವೆಲ್ ಕಡ್ಡಿಯನ್ನೇ ಹಿಡಿದುಕೊಳ್ಳಲಿ ಬಿಡು ಅಂತ ಮಾತ್ರ ಅನ್ನಬೇಡಿ. ಅದು ಟವೆಲ್ ಭಾರಕ್ಕೆ ಮಾಡಿದ್ದು, ಜಾರಿದ ಮನುಷ್ಯನ ಭಾರ ಬಿದ್ದರೆ ಕಿತ್ತು ಬರುತ್ತದೆ. ಸರಳನ್ನು ಗಟ್ಟಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಟೊಳ್ಳು ಗೋಡೆಯಾದರೆ ಟೈಲ್ಸ್ ಹಾಕುವ ಮುಂಚೆಯೇ ಒಳಗೆ ಆಧಾರ ಕೊಡಿಸಬೇಕು. ನೆಲದಿಂದ 33ರಿಂದ 36 ಇಂಚು ಅಂತ ಸಾಮಾನ್ಯವಾಗಿ ಹೇಳುವ ಎತ್ತರ. ಆದರೆ ಮಾವನವರನ್ನೇ ನಿಲ್ಲಿಸಿ, ಕಮೋಡಿನಿಂದ ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ನೋಡಿ ಗುರುತು ಹಾಕಿಸುವುದು ಒಳ್ಳೆಯದು.

ಬಣ್ಣ ಇಲ್ಲಿ ಬರೀ ಅಲಂಕಾರ ಅಲ್ಲ. ದೃಷ್ಟಿ ಮಂದವಾದವರಿಗೆ ಬಿಳಿ ನೆಲದ ಮೇಲೆ ಬಿಳಿ ಕಮೋಡ್, ಹಿಂದೆ ಬಿಳಿ ಗೋಡೆ ಇದ್ದರೆ ಯಾವುದು ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಸೀಟ್, ಸರಳು, ನೆಲದ ಅಂಚು, ಈ ಮೂರು ಹಿನ್ನೆಲೆಗಿಂತ ಬೇರೆ ಬಣ್ಣದಲ್ಲಿರಲಿ. ಕಡು ಬಣ್ಣದ ದೊಡ್ಡ ಚಿತ್ತಾರ ನೆಲಕ್ಕೆ ಬೇಡ, ಕಪ್ಪು ಚೌಕ ಕೆಲವರಿಗೆ ಗುಂಡಿಯಂತೆ ಕಂಡು ಹೆಜ್ಜೆ ತಡವರಿಸುತ್ತದೆ.

ನೆಲದ ಟೈಲ್ಸ್ ಕೊಳ್ಳುವಾಗ ‘ಆಂಟಿ-ಸ್ಕಿಡ್’ ಅನ್ನುವ ಮಾತಿಗೇ ಒಪ್ಪಿಕೊಳ್ಳಬೇಡಿ, ದರ್ಜೆ ಕೇಳಿ. ಆರ್9ರಿಂದ ಆರ್13ರವರೆಗಿನ ಅಂಕಿ ಬೂಟು ಹಾಕಿಕೊಂಡು ಮಾಡಿದ ಪರೀಕ್ಷೆಯದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಮಾಡುವ ಪರೀಕ್ಷೆ ಬೇರೆ, ಅದರಲ್ಲಿ ಎ, ಬಿ, ಸಿ ಅಂತ ದರ್ಜೆ, ಶವರ್ ಜಾಗಕ್ಕೆ ಬಿ ಬೇಕು. ದರ್ಜೆ ಗೊತ್ತಿಲ್ಲ ಅಂದರೆ ಒಂದು ಟೈಲ್ಸ್ ಮೇಲೆ ಸೋಪಿನ ನೀರು ಹಾಕಿ ಅಂಗೈಯಿಂದ ಒತ್ತಿ ತಳ್ಳಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಪ್ರಶ್ನೆ: ಹತ್ತು ವರ್ಷ ಆದಮೇಲೂ ಹಳೇದು ಅನ್ನಿಸದ ಸ್ಟೈಲ್ ಯಾವುದು?

ಉತ್ತರ: 1904ರಲ್ಲಿ ನ್ಯೂಯಾರ್ಕಿನ ಸುರಂಗ ರೈಲು ಶುರುವಾದಾಗ ನಿಲ್ದಾಣಗಳ ಗೋಡೆಗೆ 3 ಇಂಚು ಎತ್ತರ, 6 ಇಂಚು ಉದ್ದದ ಬಿಳಿ ಹೊಳಪಿನ ಟೈಲ್ಸ್ ಹಾಕಿದ್ದರು. ಬೆಳಕು ಚೆನ್ನಾಗಿ ಹರಡುತ್ತದೆ, ತೊಳೆಯಲು ಸುಲಭ. ಸಬ್‌ವೇ ಟೈಲ್ಸ್ ಅಂತ ಇವತ್ತಿಗೂ ಮಾರುತ್ತಾರೆ, ಜನ ಕೊಳ್ಳುತ್ತಲೇ ಇದ್ದಾರೆ. ಇನ್ನೊಂದು ಕಡೆ, 1970ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡಿನ ಮನೆಗಳಲ್ಲಿ ಬೆಣ್ಣೆಹಣ್ಣಿನ ಹಸಿರು ಬಣ್ಣದ ಕಮೋಡು, ಟಬ್ಬು, ಬೇಸಿನ್ನಿನ ಹುಚ್ಚು ಹಿಡಿದಿತ್ತು. ಆಮೇಲೆ ಅದನ್ನೇ ನೋಡಿ ನಗುತ್ತಾ ಕೀಳಿಸಿದರು. ಈಗ ಮತ್ತೆ ಕೆಲವರು ಹುಡುಕಿಕೊಂಡು ಹೋಗುತ್ತಿದ್ದಾರೆ, ಅದು ಬೇರೆ ಮಾತು.

ಹಾಗಾಗಿ ‘ಎಂದಿಗೂ ಹಳೇದಾಗದ್ದು’ ಅಂತ ಹುಡುಕುವ ಬದಲು ‘ಒಡೆದರೆ ಮತ್ತೆ ಸಿಗುವುದು’ ಅಂತ ಹುಡುಕಿ. ಬಿಳಿ ಕಮೋಡಿಗೆ ಬಿಳಿ ಸೀಟ್ ಎಲ್ಲಾದರೂ ಸಿಗುತ್ತದೆ. ಟೈಲ್ಸ್ ಹಾಗಲ್ಲ. ಒಂದೇ ಡಿಸೈನ್ ಆದರೂ ಬೇರೆ ಬ್ಯಾಚಿನದು ಬಣ್ಣದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಪೆಟ್ಟಿಗೆಯ ಮೇಲೆ ಬ್ಯಾಚ್, ಶೇಡ್ ನಂಬರ್ ಬರೆದಿರುತ್ತಾರೆ, ಎಲ್ಲ ಪೆಟ್ಟಿಗೆಯಲ್ಲೂ ಅದು ಒಂದೇ ಇದೆಯಾ ನೋಡಿ ಇಳಿಸಿಕೊಳ್ಳಿ. ಲೆಕ್ಕಕ್ಕಿಂತ ಶೇಕಡಾ 10 ಜಾಸ್ತಿ ತರಿಸಿ. ಮಿಕ್ಕಿದ್ದನ್ನು ಯಾರಿಗೂ ಕೊಡಬೇಡಿ, ಮುಂದೆ ಪೈಪ್ ಸೋರಿ ಗೋಡೆ ಒಡೆಯುವ ದಿನ ಬೇಕಾಗುತ್ತದೆ.

ಪ್ರಶ್ನೆ: ಬಾತ್‌ರೂಮ್ ಚೆನ್ನಾಗಿಯೇ ಆಗಿದೆ. ಆದರೆ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಜ್ವರ ಬಂದವರ ಹಾಗೆ ಕಾಣುತ್ತೇವೆ.

ಉತ್ತರ: ಸೂರಿನ ನಡುವೆ ಒಂದೇ ದೀಪ ಇದೆ, ಅಲ್ವಾ? ಮೇಲಿಂದ ಬೀಳುವ ಬೆಳಕಿಗೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ನೆರಳು ಬೀಳುತ್ತದೆ. ಕನ್ನಡಿಯ ಎರಡೂ ಪಕ್ಕ, ಮುಖದ ಎತ್ತರಕ್ಕೆ ಒಂದೊಂದು ದೀಪ ಹಾಕಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. 6500 ಕೆಲ್ವಿನ್ ಬಲ್ಬ್ ಇದ್ದರೆ ಬದಲಿಸಿ, ಅದು ನೀಲಿ ಹೊಡೆಯುತ್ತದೆ. 3000ದಿಂದ 4000 ಕೆಲ್ವಿನ್ ಸಾಕು. ಪೆಟ್ಟಿಗೆಯ ಮೇಲೆ ಸಿಆರ್‌ಐ ಅಂತ ಇರುತ್ತದೆ, ಬಣ್ಣಗಳನ್ನು ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಂಕಿ ಅದು, 90ಕ್ಕಿಂತ ಮೇಲಿದ್ದರೆ ಚರ್ಮದ ಬಣ್ಣ ಇದ್ದ ಹಾಗೇ ಕಾಣುತ್ತದೆ. ದೀಪದೊಳಗೆ ನೀರು, ಧೂಳು ಹೋಗದಂತೆ ಎಷ್ಟು ತಡೆ ಇದೆ ಅಂತ ಹೇಳುವ ದರ್ಜೆ ಐಪಿ. ಬೇಸಿನ್ ಹತ್ತಿರದ ದೀಪಕ್ಕೆ ಐಪಿ44, ಶವರ್ ಕೆಳಗೆ ನೇರ ನೀರು ಬೀಳುವ ಕಡೆ ಐಪಿ65 ಇರಲಿ. ಇನ್ನೂ ಬಣ್ಣ, ಟೈಲ್ಸ್ ಆರಿಸದವರು ಕೇಳಿ: ಶೋರೂಮಿನ ಝಗಝಗಿಸುವ ಬೆಳಕಲ್ಲಿ ನೋಡಿದ ಬಣ್ಣ ಮನೆಯಲ್ಲಿ ಬರುವುದಿಲ್ಲ. ಸ್ಯಾಂಪಲ್ ತಂದು ನಿಮ್ಮ ದೀಪದ ಕೆಳಗೇ ನೋಡಿ.

ಪ್ರಶ್ನೆ: ಬಾಡಿಗೆ ಮನೆ. ಹೂವಿನ ಡಿಸೈನಿನ ಹಳೇ ಟೈಲ್ಸ್ ನೋಡಿ ನೋಡಿ ಸಾಕಾಗಿದೆ. ಒಡೆಯುವ ಹಾಗಿಲ್ಲ.

ಉತ್ತರ: ಮೊದಲು ಟೈಲ್ಸ್ ಸಂದಿ ತಿಕ್ಕಿ ತೊಳೆಯಿರಿ. ಅರ್ಧ ಬೇಜಾರು ಹೂವಿನದ್ದಲ್ಲ, ಕಪ್ಪಾದ ಗ್ರೌಟಿನದ್ದು. ಆಮೇಲೆ ಬಲ್ಬ್, ಕನ್ನಡಿ, ಶವರ್ ಪರದೆ, ಈ ಮೂರನ್ನು ಬದಲಿಸಿ. ಪರದೆಯ ಬಣ್ಣವನ್ನು ಆ ಹೂವಿನಲ್ಲಿರುವ ಒಂದು ಬಣ್ಣಕ್ಕೇ ಹೊಂದಿಸಿ, ಆಗ ಬೇಕಂತಲೇ ಹಾಕಿಸಿದ ಹಾಗೆ ಕಾಣುತ್ತದೆ. ಟೈಲ್ಸ್ ಸ್ಟಿಕರ್ ಒಣ ಗೋಡೆಗೆ ಪರವಾಗಿಲ್ಲ, ನೀರು ಬೀಳುವ ಕಡೆ ಅಂಚು ಎದ್ದು ಒಳಗೆ ಬೂಷ್ಟು ಹಿಡಿಯುತ್ತದೆ. ಕಿಟಕಿ ಇದ್ದರೆ ಒಂದು ಮನಿ ಪ್ಲಾಂಟ್ ಇಡಿ. ಕಿಟಕಿ ಇಲ್ಲದಿದ್ದರೆ ಗಿಡದ ಆಸೆ ಬಿಟ್ಟು ಎಕ್ಸಾಸ್ಟ್ ಫ್ಯಾನ್ ಸರಿ ಮಾಡಿಸಿ, ಸ್ನಾನವಾದ ಮೇಲೂ 20 ನಿಮಿಷ ಓಡಲಿ.

ಪ್ರಶ್ನೆ: ಚಿನ್ನದ ಬಣ್ಣದ ನಲ್ಲಿ ಕೊಂಡಾಗಿದೆ. ಶವರ್ ಕ್ರೋಮ್ ಹಾಕಬಹುದಾ?

ಉತ್ತರ: ಹಾಕಬಹುದು. ಎರಡು ಲೋಹ ಬೆರೆತರೆ ಚೆನ್ನಾಗಿಯೇ ಇರುತ್ತದೆ, ಮೂರಾದರೆ ಗಲಾಟೆ. ಆದರೆ ಎರಡು ಕಂಪನಿಯ ಚಿನ್ನದ ಬಣ್ಣಗಳನ್ನು ಅಕ್ಕಪಕ್ಕ ಇಡಬೇಡಿ, ಒಂದು ಹಳದಿ ಹೊಡೆದರೆ ಇನ್ನೊಂದು ತಾಮ್ರ ಹೊಡೆಯುತ್ತದೆ. ಮತ್ತೆ, ಗೋಡೆಯೊಳಗೆ ಕೂತು ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ಯಾವುದೇ ಇರಲಿ, ಅದರ ಬಿಡಿಭಾಗ ಮುಂದೆಯೂ ಸಿಗುತ್ತದಾ ಅಂತ ಕೇಳಿಕೊಂಡು, ಮಾಡೆಲ್ ನಂಬರ್ ಕಾಣುವ ಹಾಗೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಟೈಲ್ಸ್ ಮುಚ್ಚುವ ಮೊದಲು.